ಬೆಂಗಳೂರಿನಲ್ಲಿ ಆರು ತಿಂಗಳಿದ್ದ ಮ್ಯಾಕ್ಸ್ ಬಾರ್ನ್

ನಾನು ಕಲಾ ವಿಭಾಗದ ವಿದ್ಯಾರ್ಥಿ. ವಿಜ್ಞಾನಿಯೊಬ್ಬರ ಜೀವನವನ್ನು ಬರೆಯಹೊರಟದ್ದು ವಾಚಕರಿಗೆ ಅಧಿಕಪ್ರಸಂಗವೆನಿಸಬಹುದು. ಆದರೆ ಪಿ.ಯು.ಸಿ.ಯಲ್ಲಿ ರಸಾಯನಶಾಸ್ತ್ರದ ಪುಸ್ತಕದಲ್ಲಿ ಕಂಡ ಒಂದು ಚಿತ್ರ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಪರಮಾಣುವಿನ ಬೀಜದ ಸುತ್ತ ಎಲೆಕ್ಟ್ರಾನು ಗ್ರಹದಂತೆ ಗೆರೆ ಹಿಡಿದು ಸುತ್ತುತ್ತದೆಂದು ಹೈಸ್ಕೂಲಿನಲ್ಲಿ ಕಲಿತಿದ್ದೆ. ಇಲ್ಲಿ ಗೆರೆಯೇ ಇರಲಿಲ್ಲ. ಚುಕ್ಕೆಗಳ ಮಬ್ಬು ಮೋಡವೊಂದಿತ್ತು. ಅದರ ಹೆಸರು ಆರ್ಬಿಟಲ್. ಆ ಮೋಡಕ್ಕೆ ಅರ್ಥ ಹೇಳಿದವರು ಮ್ಯಾಕ್ಸ್ ಬಾರ್ನ್. ಅವರು ನಮ್ಮ ಬೆಂಗಳೂರಿನಲ್ಲಿ ವಾಸವಾಗಿದ್ದರು, ಇಲ್ಲಿಯವರೇ ಆಗಿಬಿಡುವುದರಲ್ಲಿದ್ದರು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಬಾರ್ನ್‌ರವರು ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದ ಯೆಹೂದಿ ಮನೆತನದಲ್ಲಿ. ಚಿಕ್ಕ ಮಗುವಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. 1921ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಮೇಲೆ ಅವರ ಸುತ್ತ ನೆರೆದ ತರುಣರ ಗುಂಪು ಸಾಮಾನ್ಯವಾದುದಲ್ಲ. ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಹೇಗೆ ಅಳವಟ್ಟಿವೆಯೆಂಬುದಕ್ಕೆ 1925ರಲ್ಲಿ ನಿಯಮ ಕೊಟ್ಟ ಪೌಲಿ ಮತ್ತು ಹುಂಡ್ ಇಬ್ಬರೂ ಬಾರ್ನ್‌ರವರ ಕೈಕೆಳಗೆ ಸಹಾಯಕರಾಗಿ ದುಡಿದವರು.

ಆ ನಿಯಮಗಳನ್ನು ನಾನು ನೆನಪಿಟ್ಟುಕೊಂಡದ್ದು ಜಾತ್ರೆಯ ಕಾಲದ ಛತ್ರದ ಹೋಲಿಕೆಯಿಂದ. ಕೆಳಗಿನ ಅಂತಸ್ತು ತುಂಬಿದ ಹೊರತು ಮೇಲಕ್ಕೆ ಯಾರೂ ಹತ್ತರು. ಕೋಣೆಗೆ ಇಬ್ಬರೇ, ಅವರೂ ಒಬ್ಬರ ತಲೆಯ ಕಡೆಗೆ ಇನ್ನೊಬ್ಬರ ಕಾಲಿಟ್ಟೇ ಮಲಗಬೇಕು. ಇದು ಪೌಲಿಯವರ ನಿಯಮ. ಒಂದೇ ಮಟ್ಟದಲ್ಲಿ ಸರಿಸಮನಾದ ಮೂರು ಕೋಣೆಗಳಿದ್ದರೆ ಬಂದವರು ಮೊದಲು ಒಬ್ಬೊಬ್ಬರಾಗಿ ಹಂಚಿಕೊಂಡು, ಬೇರೆ ದಾರಿಯಿಲ್ಲದಾಗ ಮಾತ್ರ ಜೊತೆಗೂಡುವರು. ಇದು ಹುಂಡ್‌ರವರದು. ನೈಟ್ರೋಜನ್ನಿನ ಏಳು ಎಲೆಕ್ಟ್ರಾನುಗಳಲ್ಲಿ ಎರಡು ಮೊದಲ ಕೋಣೆಗೆ, ಎರಡು ಎರಡನೆಯದಕ್ಕೆ. ಮಿಕ್ಕ ಮೂರು, ಮೂರು ಕೋಣೆಗಳಲ್ಲಿ ಒಂಟಿಯಾಗಿ.

ಆದರೆ ಕೋಣೆಯೆಂದರೇನು? 1926ರಲ್ಲಿ ಶ್ರೋಡಿಂಗರ್‌ರವರು ಎಲೆಕ್ಟ್ರಾನಿಗೆ ಅಲೆಯ ಸಮೀಕರಣವನ್ನು ಕೊಟ್ಟರು. ಎಲೆಕ್ಟ್ರಾನೇ ಅಲೆಯಾಗಿ ಹರಡಿಕೊಂಡಿದೆಯೆಂದು ಅವರ ಭಾವನೆ. ಬಾರ್ನ್‌ರವರು ಒಪ್ಪಲಿಲ್ಲ. ಅಲೆಯು ಎಲೆಕ್ಟ್ರಾನಲ್ಲ, ಅದು ಎಲ್ಲಿ ಸಿಕ್ಕೀತೆಂಬ ಸಂಭವನೀಯತೆಯ ಅಳತೆ ಮಾತ್ರ ಎಂದರು. ಅದೇ ವರ್ಷದ ತಮ್ಮ ಲೇಖನದಲ್ಲಿ ಅವರು ಅಲೆಯ ಪ್ರಮಾಣವನ್ನೇ ಸಂಭವನೀಯತೆಯೆಂದು ಬರೆದು, ಕರಡು ತಿದ್ದುವಾಗ ಅಡಿಟಿಪ್ಪಣಿಯೊಂದರಲ್ಲಿ, ಅಲ್ಲ, ಅದರ ವರ್ಗವೆಂದು ಸರಿಪಡಿಸಿದರು. ಮುಂದೆ ನೊಬೆಲ್ ಬಹುಮಾನಕ್ಕೆ ಕಾರಣವಾದ ಮಾತು ಹೀಗೆ ಪುಟದ ಅಡಿಯಲ್ಲಿ ಹುಟ್ಟಿತು!

ನಮ್ಮೂರಾದ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ನೀರಿನ ತೊಟ್ಟಿಯ ಬಳಿ ರಾತ್ರಿ ಒಂಟಿ ಎಮ್ಮೆಯನ್ನು ಬಿಟ್ಟರೆ, ಬೆಳಿಗ್ಗೆ ಕೆಸರಿನಲ್ಲಿ ಅದರ ಗೊರಸಿನ ಗುರುತು ಕಾಣುತ್ತದೆ. ತೊಟ್ಟಿಯ ಹತ್ತಿರ ದಟ್ಟ, ದೂರ ಹೋದಂತೆ ವಿರಳ. ಯಾವ ಗಳಿಗೆಯಲ್ಲಿ ಎಲ್ಲಿತ್ತೆಂದು ಹೇಳಲಾರೆವು. ಎಲ್ಲಿ ಹೆಚ್ಚಾಗಿತ್ತೆಂದು ಹೇಳಬಲ್ಲೆವು. ಆರ್ಬಿಟಲ್ಲಿನ ಚುಕ್ಕೆಗಳು ಈ ಗುರುತುಗಳಂತೆ. ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಎಮ್ಮೆಗೆ ನಡೆದ ದಾರಿಯೊಂದಿದೆ, ಎಲೆಕ್ಟ್ರಾನಿಗೆ ಅದೂ ಇಲ್ಲ. ಇದನ್ನು ಬಾರ್ನ್‌ರವರ ಆಪ್ತಮಿತ್ರ ಐನ್‌ಸ್ಟೈನ್‌ರೇ ಕೊನೆಯವರೆಗೂ ಒಪ್ಪಲಿಲ್ಲವೆಂದ ಮೇಲೆ ನನ್ನಂಥವನ ತಲೆ ತಿರುಗಿದರೆ ಆಶ್ಚರ್ಯವೇನು?

1933ರಲ್ಲಿ ಹಿಟ್ಲರನ ಸರ್ಕಾರ ಯೆಹೂದಿ ಅಧ್ಯಾಪಕರನ್ನು ಹೊರದೂಡಿತು. ಬಾರ್ನ್‌ರವರು ಸಂಸಾರಸಮೇತ ಕೇಂಬ್ರಿಜ್ ಸೇರಿದರು. ಅಲ್ಲಿಯ ಹುದ್ದೆ ತಾತ್ಕಾಲಿಕವಾದದ್ದು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರನ್ನು ಕರೆಸಿಕೊಂಡರು. 1935ರ ಕೊನೆಯಲ್ಲಿ ಪತ್ನಿ ಹೆಡ್ವಿಗ್‌ರವರೊಡನೆ ಬಂದ ಬಾರ್ನ್ ಸುಮಾರು ಆರು ತಿಂಗಳು ಇಲ್ಲಿದ್ದು ಪಾಠ ಹೇಳಿದರು, ಎನ್. ಎಸ್. ನಾಗೇಂದ್ರನಾಥ್ ಎಂಬ ತರುಣ ವಿಜ್ಞಾನಿಯೊಡನೆ ಕೂಡಿ ಲೇಖನಗಳನ್ನೂ ಪ್ರಕಟಿಸಿದರು. ಊರು ಅವರಿಗೆ ಹಿಡಿಸಿತ್ತು. ರಾಮನ್ನರು ಅವರಿಗೆ ಕಾಯಂ ಪ್ರಾಧ್ಯಾಪಕ ಪದವಿಯನ್ನು ಕೊಡಿಸಲು ಪ್ರಯತ್ನಿಸಿದರು. ಈ ವಿಷಯ ಸಭೆಯ ಮುಂದೆ ಬಂದಾಗ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು, ಸ್ವದೇಶದಿಂದ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮಗೆ ಬೇಡವೆಂಬ ಅರ್ಥದಲ್ಲಿ ಮಾತನಾಡಿದರು. ಬಾರ್ನ್ ಆ ಸಭೆಯಲ್ಲೇ ಕುಳಿತಿದ್ದರು. ಐವತ್ತು ದಾಟಿದ ಆ ಮನುಷ್ಯ ಮನೆಗೆ ಹೋಗಿ ಪತ್ನಿಯ ಮುಂದೆ ಅತ್ತುಬಿಟ್ಟರಂತೆ. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಮಾತನಾಡಿದವರು ನಮ್ಮವರಲ್ಲ, ನಿಜ. ನಡೆದದ್ದು ನಮ್ಮ ನೆಲದಲ್ಲಿ.

ಕೆಲಸ ಕೈಗೂಡಲಿಲ್ಲ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವು ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. 1953ರಲ್ಲಿ ನಿವೃತ್ತರಾಗುವವರೆಗೆ ಅಲ್ಲೇ ಇದ್ದರು. ರಾಮನ್ನರೂ 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಇಷ್ಟು ಆದರದಿಂದ ಕರೆದ ರಾಮನ್ನರಿಗೂ ಬಂದ ಬಾರ್ನ್‌ರವರಿಗೂ ಮುಂದೆ ಸ್ಫಟಿಕಗಳಲ್ಲಿ ಪರಮಾಣುಗಳು ಕಂಪಿಸುವ ರೀತಿಯ ವಿಚಾರದಲ್ಲಿ ಕಟುವಾದ ವಾದ ಬೆಳೆದು ಸ್ನೇಹ ಕೆಟ್ಟಿತು.

ಅಡಿಟಿಪ್ಪಣಿ ಬರೆದ 28 ವರ್ಷಗಳ ತರುವಾಯ, 1954ರಲ್ಲಿ, ನೊಬೆಲ್ ಬಹುಮಾನದ ಅರ್ಧಭಾಗ ಬಾರ್ನ್‌ರವರಿಗೆ ಬಂತು. ಆ ವೇಳೆಗೆ ಅವರು ಜರ್ಮನಿಗೆ ಹಿಂದಿರುಗಿದ್ದರು. 1955ರಲ್ಲಿ ರಸೆಲ್ ಮತ್ತು ಐನ್‌ಸ್ಟೈನ್‌ರವರು ಪರಮಾಣು ಅಸ್ತ್ರಗಳ ವಿರುದ್ಧ ಹೊರಡಿಸಿದ ಪ್ರಕಟಣೆಗೆ ಸಹಿ ಹಾಕಿದರು. 1970ರ ಜನವರಿ 5ರಂದು ಗಾಟಿಂಗೆನ್‌ನಲ್ಲಿ ತೀರಿಕೊಂಡರು. ಸಮಾಧಿಯ ಕಲ್ಲಿನ ಮೇಲೆ ಅವರ ಸಮೀಕರಣವೊಂದನ್ನು ಕೆತ್ತಲಾಗಿದೆ. ಅದೇ ವರ್ಷದ ನವೆಂಬರ್ 21ರಂದು ಬೆಂಗಳೂರಿನಲ್ಲಿ ರಾಮನ್ನರೂ ತೀರಿಕೊಂಡರು.