ಸೊನ್ನಲಿಗೆಯ ಸಿದ್ಧರಾಮೇಶ್ವರರ ಕಾಯಕಾನಂದ

ಇಂದಿನ ಸೊಲ್ಲಾಪುರಕ್ಕೆ ಹಿಂದಿನ ಹೆಸರು ಸೊನ್ನಲಿಗೆ. ಮಹಾರಾಷ್ಟ್ರಕ್ಕೆ ಸೇರಿದ ಈ ಪಟ್ಟಣದಲ್ಲಿ ಕನ್ನಡವೂ ಮರಾಠಿಯೂ ಒಂದೇ ಅಂಗಳದಲ್ಲಿ ಆಡಿ ಬೆಳೆದಿವೆ. ಪಟ್ಟಣದ ಮಧ್ಯದಲ್ಲಿ ವಿಸ್ತಾರವಾದ ಕೆರೆ. ಆ ಕೆರೆಯ ನೀರಿನ ನಡುವೆ ಸಿದ್ಧೇಶ್ವರ ದೇವಾಲಯ. 12ನೆಯ ಶತಮಾನದ ಶಿವಯೋಗಿ ಸಿದ್ಧರಾಮೇಶ್ವರರ ಜನ್ಮಭೂಮಿಯೂ ಕರ್ಮಭೂಮಿಯೂ ಸಮಾಧಿಸ್ಥಾನವೂ ಇದೇ ಆಗಿದೆ.

ಮುದ್ದುಗೌಡ ಮತ್ತು ಸುಗ್ಗಲಾದೇವಿ ಈ ಮಹಾತ್ಮರ ತಂದೆತಾಯಿಗಳು. ಮಗು ಆಡದು, ಬೇಡದು, ಯಾರೊಡನೆಯೂ ಬೆರೆಯದು. ಜಡನೆಂದು ಬಗೆದ ಹಿರಿಯರು ಬಾಲಕನನ್ನು ದನಕರು ಕಾಯಲು ಅಟ್ಟಿದರು. ಮುಂದೆ ನಡೆದುದನ್ನು ರಾಘವಾಂಕ ಕವಿಯು ‘ಸಿದ್ಧರಾಮ ಚಾರಿತ್ರ’ದಲ್ಲಿ ಮನಮುಟ್ಟುವಂತೆ ವರ್ಣಿಸಿದ್ದಾನೆ. ಒಂದು ದಿನ ಜಂಗಮನೊಬ್ಬನು ಹೊಲಕ್ಕೆ ಬಂದು ತನ್ನ ಹೆಸರು ಮಲ್ಲಯ್ಯನೆಂದು ತಿಳಿಸಿ, ಹಸಿದಿರುವೆನೆಂದನು. ಬಾಲಕನು ಎಳೆಯ ತೆನೆಗಳನ್ನು ಸುಟ್ಟು ತಿಕ್ಕಿ ಕೊಟ್ಟನು. ಅತಿಥಿಯು ಮಜ್ಜಿಗೆಯನ್ನವನ್ನು ಬಯಸಲು, ಅದನ್ನು ತರಲೆಂದು ಮನೆಗೆ ಓಡಿದನು. ಅದುವರೆಗೆ ಯಾವುದರಲ್ಲಿಯೂ ಆಸಕ್ತಿ ತೋರದಿದ್ದ ಮಗನು ಮತ್ತೊಬ್ಬರ ಹಸಿವಿಗಾಗಿ ಓಡಿಬಂದುದನ್ನು ಕಂಡು ತಾಯಿಯು ಹಿಗ್ಗಿದಳು. ಆದರೆ ಬುತ್ತಿ ಹೊತ್ತು ಮರಳಿದಾಗ ಮಲ್ಲಯ್ಯನು ಅಲ್ಲಿರಲಿಲ್ಲ.

ಉಣಿಸಬೇಕೆಂಬ ಸಂತೋಷವೇ ಆ ಎಳೆಯ ಹೃದಯಕ್ಕೆ ಅಗಲಿಕೆಯ ಬೇಗೆಯಾಯಿತು. ಹೊಲಹೊಲಗಳಲ್ಲಿ ಕೂಗುತ್ತ ಅಲೆದ ಬಾಲಕನು, ಶ್ರೀಶೈಲದ ಯಾತ್ರಿಕರು ಮಲ್ಲಯ್ಯನನ್ನು ತೋರಿಸುವೆವೆನ್ನಲು ಅವರ ಹಿಂದೆ ನಡೆದನು. ಅವರು ಗುಡಿಯ ಲಿಂಗವನ್ನು ತೋರಿಸಿದರು. ಅನ್ನ ಬೇಡಿದ ಗೆಳೆಯನನ್ನು ಅರಸಿ ಬಂದವನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಕಾಡುಮೇಡುಗಳನ್ನು ಸುತ್ತಿ ಬಳಲಿ, ಕೊನೆಗೆ ಆಳವಾದ ಕೊಳ್ಳದ ಅಂಚಿನಿಂದ ಧುಮುಕಲು ಮುಂದಾದಾಗ ಮಲ್ಲಿಕಾರ್ಜುನನೇ ಕೈಹಿಡಿದು ಉಳಿಸಿದನೆಂದು ಪುರಾಣವು ಹೇಳುತ್ತದೆ. ಸ್ವಾಮಿಯು ಬಾಲಕನನ್ನು ಗಿರಿಯಲ್ಲಿ ಇರಿಸಿಕೊಳ್ಳಲಿಲ್ಲ. ಊರಿಗೆ ಮರಳಿ ಸೊನ್ನಲಿಗೆಯನ್ನೇ ಅಭಿನವ ಶ್ರೀಶೈಲವನ್ನಾಗಿ ಮಾಡುವಂತೆ ಅಪ್ಪಣೆಯಿತ್ತನು. ದೇವರ ಒಡನಾಟವನ್ನು ತನ್ನವರ ನಡುವೆ, ದುಡಿಮೆಯ ಮೂಲಕ ಪಡೆಯಬೇಕೆಂಬುದೇ ಆ ಅಪ್ಪಣೆಯ ಮರ್ಮ.

ಸಿದ್ಧರಾಮರು ಮರಳಿ ಬಂದರು. ಕಪಿಲಸಿದ್ಧ ಮಲ್ಲಿಕಾರ್ಜುನನನ್ನು ಪ್ರತಿಷ್ಠಿಸಿದರು. ಊರಿನ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರೆಂದು ಪರಂಪರೆಯ ನಂಬಿಕೆ. ಬಿಸಿಲ ನಾಡಿನ ಬಾಯಾರಿಕೆಯನ್ನು ಬಲ್ಲ ಅವರು ಕೆರೆಯ ಕಾಯಕಕ್ಕೆ ಕೈಹಾಕಿದರು. ಗುದ್ದಲಿ ಹಿಡಿದವರು, ಮಣ್ಣು ಹೊತ್ತವರು, ಕಲ್ಲು ಕಟ್ಟಿದವರು ಎಲ್ಲರೂ ಅವರ ಬಂಧುಗಳಾದರು. ಒಬ್ಬ ಅತಿಥಿಗೆ ಬುತ್ತಿ ಹೊತ್ತು ಓಡಿದ ಆನಂದವೇ ಈಗ ಊರಿಗೆಲ್ಲ ನೀರುಣಿಸುವ ಆನಂದವಾಗಿ ಬೆಳೆಯಿತು.

ಆದರೆ ಆನಂದದ ಬೆನ್ನಿಗೆ ಅಭಿಮಾನವೂ ನೆರಳಿನಂತೆ ಬರುವುದುಂಟು. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಮಣ್ಣು ಅಗೆಸುವ ಒಡ್ಡರಾಮನೆಲ್ಲಿ ಎಂದು ವಿಚಾರಿಸಿದರಂತೆ. ತಮ್ಮ ಗುರುವನ್ನು ಹಳಿದರೆಂದು ಕೆರಳಿದ ಕೆಲಸಗಾರರು ಕಲ್ಲೆಸೆದರು. ಸಿದ್ಧರಾಮರೂ ಕೋಪದಿಂದ ಬಂದರು. ಪ್ರಭುಗಳು ಅಲುಗಲಿಲ್ಲ. ಕೆರೆ ಗುಡಿಗಳನ್ನು ಕಟ್ಟಿದವನು ತಾನೆಂಬ ಭಾವವು ಉಳಿದರೆ ಪುಣ್ಯಕಾರ್ಯವೂ ಬಂಧನವಾಗುವುದೆಂದು ಅವರು ಮನಗಾಣಿಸಿದರು. ತಾನು ಪ್ರಾಣವಿಟ್ಟು ಕಟ್ಟಿದುದರ ಮೇಲಣ ಮಮತೆಯನ್ನು ಬಿಡುವುದು ಕಟ್ಟುವುದಕ್ಕಿಂತಲೂ ಕಠಿಣ. ಸಿದ್ಧರಾಮರು ಮಾತ್ರ ಆ ಮಾತಿಗೆ ಶರಣಾಗಿ ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದರು. ಅಲ್ಲಿ ಬಸವಣ್ಣನವರ ಹಾಗೂ ಶರಣರ ಸಂಗ ದೊರೆಯಿತು. ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯಾಯಿತು. ಅನೇಕರಿಗೆ ಗುರುವಾಗಿದ್ದವರು ಮತ್ತೆ ಶಿಷ್ಯರಾಗಿ ಕುಳಿತರು. ಶೂನ್ಯಪೀಠದಲ್ಲಿ ಅಲ್ಲಮಪ್ರಭು, ಚೆನ್ನಬಸವಣ್ಣ ಇವರ ತರುವಾಯ ಸಿದ್ಧರಾಮರ ಹೆಸರನ್ನು ಪರಂಪರೆಯು ಸ್ಮರಿಸುತ್ತದೆ. ಅಂಥ ಪೀಠವನ್ನೇರಿದವರು ತಮ್ಮ ವಚನಗಳಿಗೆ ಊರ ದೇವನಾದ ಕಪಿಲಸಿದ್ಧ ಮಲ್ಲಿಕಾರ್ಜುನನ ಹೆಸರನ್ನೇ ಅಂಕಿತವಾಗಿಸಿದರು. ಕೊನೆಗೆ ಸೊನ್ನಲಿಗೆಯಲ್ಲಿಯೇ ಸಮಾಧಿಸ್ಥರಾದರು.

ಅವರನ್ನೇ ವರಿಸಬೇಕೆಂದು ಹಂಬಲಿಸಿದ ಕುಂಬಾರ ಕನ್ಯೆಯೊಬ್ಬಳ ಕಥೆಯೂ ಸೊಲ್ಲಾಪುರದಲ್ಲಿ ಮನೆಮಾತು. ಯೋಗಿಯಾದ ತಮಗೆ ಸಂಸಾರವು ಸಲ್ಲದಿದ್ದರೂ ಆ ಭಕ್ತಿಯನ್ನು ತಿರಸ್ಕರಿಸದೆ, ತಮ್ಮ ಯೋಗದಂಡದೊಡನೆ ವಿವಾಹವಾಗಲು ಅನುಮತಿಸಿದರಂತೆ. ಪ್ರತಿವರ್ಷ ಮಕರ ಸಂಕ್ರಾಂತಿಯ ಗಡ್ಡದ ಜಾತ್ರೆಯಲ್ಲಿ ಆ ವಿವಾಹದ ಸ್ಮರಣೆಯಾಗಿ ಅಕ್ಷತೆ ಬೀಳುತ್ತದೆ. ವಿವಿಧ ಸಮಾಜಗಳ ಭಕ್ತರು 7 ನಂದಿಧ್ವಜಗಳನ್ನು ಹೊತ್ತು ನಡೆಯುತ್ತಾರೆ. ಹೊರುವವರ ಬೆವರಿನಲ್ಲಿ ದಣಿವಿಗಿಂತ ಸಂತೋಷವೇ ಹೆಚ್ಚು.

ದೇವಾಲಯದ ಜೀರ್ಣೋದ್ಧಾರದ ಕಾಲದಲ್ಲಿ ಈ ಚರಿತೆಯು ಭಕ್ತರಿಗೆ ದಾರಿದೀಪವಾಗಿದೆ. ಸಿದ್ಧರಾಮರ ಹೊಲದಲ್ಲಿ ದೇವರು ಹಸಿದ ಅತಿಥಿಯಾಗಿ ಬಂದನು. ಕೆರೆಯ ಕಾಯಕದಲ್ಲಿ ದೇವರು ದುಡಿಯುವ ಬಂಧುಗಳಾಗಿ ಕೂಡಿದನು. ತಪ್ಪಿದಾಗ ತಿದ್ದುವ ಗುರುವಾಗಿ ಎದುರು ನಿಂತನು. ಕಲ್ಲು ಹೊರುವ ಕೈಯೂ ಕಾಣಿಕೆಯಿಡುವ ಕೈಯೂ ಪಕ್ಕದವರ ಮುಖವನ್ನು ಪ್ರೀತಿಯಿಂದ ನೋಡಿ, ತಾನು ಮಾಡಿದೆನೆಂಬುದನ್ನು ಮರೆತರೆ, ಕಳಶವೇರುವ ಮೊದಲೇ ಪೂಜೆಯು ಸಂದಂತಾಗುವುದು. ಅಂಥ ಆನಂದವನ್ನು ಶ್ರೀ ಕಪಿಲಸಿದ್ಧ ಮಲ್ಲಿಕಾರ್ಜುನನು ಸಕಲರಿಗೂ ಕರುಣಿಸಲಿ.