ಗಾಲಿಗೆ ಗಾಳಿ ತುಂಬಿದ ಡನ್ಲಪ್

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಎರೆ-ಮಸಾರಿ ಹೊಲಗಳ ಸೀಮೆಯಲ್ಲಿ ಒಂದು ಕಾಲಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಮರದ ಗಾಲಿಯ ಚಕ್ಕಡಿಗಳೇ ಮೆಣಸಿನಕಾಯಿ, ಹತ್ತಿಗಳನ್ನು ಪೇಟೆಗೆ ಸಾಗಿಸುತ್ತಿದ್ದವು. ಮುಂದೆ ಗಾಳಿ ತುಂಬಿದ ರಬ್ಬರ್ ಗಾಲಿಯ ಗಾಡಿ ಬಂದಿತು. ಕನ್ನಡ ನಾಡಿನ ಹಲವೆಡೆ ಜನರು ಅದನ್ನು ಡನ್ಲಪ್ ಗಾಡಿ ಎಂದು ಕರೆದರು. ಆ ಹೆಸರಿನ ಹಿಂದೆ ಪಶುವೈದ್ಯರೊಬ್ಬರ ಬಾಳಕಥೆಯಿದೆ.

ಜಾನ್ ಬಾಯ್ಡ್ ಡನ್ಲಪ್ ಅವರು 1840ರ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬಲ್ಲಿ ಜನಿಸಿದರು. ಪಶುವೈದ್ಯಕೀಯ ಕಲಿತು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ನೆಲೆಸಿದರು. ಅವರ ಬಾಲಕ ಮಗನಿಗೆ ಮೂರು ಗಾಲಿಯ ಸೈಕಲ್ಲೊಂದಿತ್ತು. ಕಲ್ಲು ಹಾಸಿದ ಬೀದಿಯಲ್ಲಿ ಅದು ವಿಪರೀತ ಕುಲುಕುತ್ತಿತ್ತು. ಮಗನ ಕಷ್ಟವನ್ನು ಕಂಡ ತಂದೆ 1887ರಲ್ಲಿ ಒಂದು ಉಪಾಯ ಹೂಡಿದರು. ಮರದ ತಟ್ಟೆಯ ಅಂಚಿಗೆ ತೆಳುವಾದ ರಬ್ಬರ್ ಕೊಳವೆಯನ್ನು ಸುತ್ತಿ, ಬಟ್ಟೆಯಿಂದ ಬಿಗಿದು, ಅದರೊಳಗೆ ಗಾಳಿ ತುಂಬಿದರು. ಸೈಕಲ್ಲಿನ ಗಾಲಿಯನ್ನೂ ಇದನ್ನೂ ಅಂಗಳದಲ್ಲಿ ಉರುಳಿಬಿಟ್ಟಾಗ ಹಳೆಯದು ನಡುವೆಯೇ ಬಿದ್ದಿತು. ಹೊಸದು ಅಂಗಳವನ್ನೇ ದಾಟಿತು. ಗಾಳಿಯ ಗಾಲಿ ಮೆತ್ತಗಿರುವುದಷ್ಟೇ ಅಲ್ಲ, ಹಗುರವಾಗಿಯೂ ಓಡುತ್ತದೆಂಬುದು ಹೀಗೆ ತಿಳಿಯಿತು.

1888ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಮರುವರ್ಷ ವಿಲ್ಲಿ ಹ್ಯೂಮ್ ಎಂಬ ಸವಾರ ಈ ಟೈರುಗಳನ್ನು ತೊಡಿಸಿದ ಸೈಕಲ್ಲಿನಲ್ಲಿ ಬೆಲ್‌ಫಾಸ್ಟಿನ ಪಂದ್ಯಗಳನ್ನು ಗೆದ್ದನು. ಆದರೆ ರಾಬರ್ಟ್ ಥಾಮ್ಸನ್ ಎಂಬವರು 1845ರಲ್ಲಿಯೇ ಇಂಥ ಟೈರಿಗೆ ಪೇಟೆಂಟ್ ಪಡೆದಿದ್ದರೆಂಬುದು ಬಳಿಕ ಬೆಳಕಿಗೆ ಬಂದು, ಡನ್ಲಪ್ ಅವರ ಹಕ್ಕು ಬಿದ್ದುಹೋಯಿತು. 1895ರಲ್ಲಿ ಅವರು ಕಂಪೆನಿಯಿಂದ ಹೊರಬಂದರು. ಟೈರಿನಿಂದ ಅಪಾರ ಸಂಪತ್ತು ಗಳಿಸಿದವರು ಬೇರೆಯವರು. 1921ರಲ್ಲಿ ಡಬ್ಲಿನ್ನಿನಲ್ಲಿ ಅವರು ತೀರಿಕೊಂಡರು.

ಅವರು ತೋರಿದ ದಾರಿ ಇಂದಿನ ಮಡಚುವ ಸೈಕಲ್ಲಿಗೂ ಬೇಕು. ಸಾಮಾನ್ಯ ಸೈಕಲ್ಲಿನ 28 ಅಂಗುಲದ ಗಾಲಿ ಸಣ್ಣ ತಗ್ಗನ್ನು ಸುಲಭವಾಗಿ ದಾಟುತ್ತದೆ. 16 ಅಂಗುಲದ ಗಾಲಿ ಅದರೊಳಗೆ ಹೆಚ್ಚು ಇಳಿದು ಸವಾರನ ಬೆನ್ನಿಗೆ ಪೆಟ್ಟು ಕೊಡುತ್ತದೆ. ಅಗಲವಾದ ಟೈರಿನಲ್ಲಿ ಹದವರಿತು ಗಾಳಿ ತುಂಬಿದರೆ ಆ ಪೆಟ್ಟು ತಗ್ಗುತ್ತದೆ. ಗಾಳಿ ಅತಿಯಾದರೆ ಸೈಕಲ್ಲು ಕುಲುಕುತ್ತದೆ; ತೀರ ಕಡಿಮೆಯಾದರೆ ತುಳಿಯುವುದು ಭಾರವಾಗಿ, ಟ್ಯೂಬಿಗೂ ಅಪಾಯವಾಗುತ್ತದೆ. ಟೈರು ತಡೆಯಲಾರದ ಪೆಟ್ಟನ್ನು ಸ್ಪ್ರಿಂಗು ಇಲ್ಲವೆ ರಬ್ಬರಿನ ಮೆತ್ತೆ ತಡೆಯಬೇಕು. ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ 1962ರಲ್ಲಿ ಹೊರತಂದ ಚಿಕ್ಕ ಗಾಲಿಯ ಸೈಕಲ್ಲಿಗೆ ಹಿಂದೆಯೂ ಮುಂದೆಯೂ ಇಂಥ ಏರ್ಪಾಡಿತ್ತು.

ಡನ್ಲಪ್ ಅವರಿಗೆ ಹಕ್ಕು ಉಳಿಯಲಿಲ್ಲ, ಹೆಸರು ಉಳಿಯಿತು. ಒಬ್ಬ ಬಾಲಕನ ನೋವನ್ನು ನೀಗಲು ಹೊರಟ ತಂದೆಯ ಯತ್ನ ಎತ್ತಿನ ಹೆಗಲಿನ ಭಾರವನ್ನೂ ಇಳಿಸಿತು.