ಹಾದಿಗೆ ಎರವಾದ ಬಯಲು

ಭಾರತದ ವಿಮಾನಯಾನದ ಚರಿತ್ರೆಯಲ್ಲಿ ಬಳ್ಳಾರಿಯ ಹೆಸರು ಒಂದೇ ಸಾಲಿನಲ್ಲಿ ಬಂದು ಮರೆಯಾಗುತ್ತದೆ. ಜೆ.ಆರ್.ಡಿ. ಟಾಟಾ ಅವರ ಬಾಳನ್ನು ಆ ಒಂದು ಸಾಲಿನ ಬಳಿ ನಿಂತು ನೋಡಿದರೆ, ಕೀರ್ತಿಯ ಕಥೆಗಳಲ್ಲಿ ಕಾಣದ ಒಂದು ಮುಖ ಕಾಣುತ್ತದೆ.

ಅವರು ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸಿನಲ್ಲಿ. ತಂದೆ ಪಾರಸಿ, ತಾಯಿ ಫ್ರೆಂಚ್ ಮಹಿಳೆ. ಎಳವೆಯಲ್ಲಿಯೇ ಹಾರಾಟದ ಹಂಬಲ ಹಿಡಿಯಿತು. 1929ರ ಫೆಬ್ರುವರಿ 10ರಂದು ಭಾರತದಲ್ಲಿ ಕೊಡಲಾದ ಮೊದಲನೆಯ ಸಂಖ್ಯೆಯ ಚಾಲಕ ಪರವಾನಗಿ ಅವರ ಕೈಸೇರಿತು. ಮರುವರ್ಷ ಆಗಾಖಾನ್ ಪಾರಿತೋಷಕಕ್ಕಾಗಿ ಇಂಗ್ಲೆಂಡು ಮತ್ತು ಭಾರತಗಳ ನಡುವೆ ಒಂಟಿಯಾಗಿ ಹಾರುವ ಸ್ಪರ್ಧೆ ನಡೆಯಿತು. ಈಜಿಪ್ಟಿನಲ್ಲಿ ಎದುರಾಳಿ ಆಸ್ಪಿ ಇಂಜಿನಿಯರ್ ಯಂತ್ರದ ಪ್ಲಗ್ಗುಗಳಿಲ್ಲದೆ ತೊಡಕಿನಲ್ಲಿದ್ದುದನ್ನು ಕಂಡು, ಜೆ.ಆರ್.ಡಿ. ತಮ್ಮಲ್ಲಿದ್ದುದನ್ನು ಕೊಟ್ಟರು. ಗೆದ್ದವರು ಆಸ್ಪಿ.

ಬ್ರಿಟಿಷ್ ವಾಯುಪಡೆಯಲ್ಲಿದ್ದು ಬಂದ ನೆವಿಲ್ ವಿನ್ಸೆಂಟ್ ಟಪಾಲು ವಿಮಾನದ ಯೋಜನೆಯನ್ನು ಮುಂದಿಟ್ಟಾಗ, ಅದರ ಬೆಲೆಯನ್ನು ಅರಿತವರು ಜೆ.ಆರ್.ಡಿ. ಲಂಡನ್ನಿನಿಂದ ಕರಾಚಿಗೆ ಬಂದ ಟಪಾಲನ್ನು ಮದರಾಸಿನವರೆಗೆ ಒಯ್ಯುವ ಕೆಲಸವದು, ಸರಕಾರದ ಸಹಾಯಧನವಿಲ್ಲ. ಇದ್ದದ್ದು ಎರಡು ಪುಸ್ ಮಾತ್ ವಿಮಾನಗಳು, ಗರಿ ಹೊದಿಸಿದ ಒಂದು ಕೊಟ್ಟಿಗೆ. ಮುಂಬಯಿಯ ಜುಹು ಬಯಲು ಮಳೆಗಾಲದಲ್ಲಿ ಕೆಸರಿನ ಮಡುವಾಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಪುಣೆಗೆ ಬಿಡಾರ ಕೀಳಬೇಕಾಗುತ್ತಿತ್ತು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು, ಜುಹುವನ್ನು ಮುಟ್ಟಿದರು. ಅಹಮದಾಬಾದಿನಲ್ಲಿ ಅವರ ವಿಮಾನಕ್ಕೆ ಎಣ್ಣೆಯ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಮುಂಬಯಿಯಿಂದ ಮುಂದಿನ ಹಾದಿ ವಿನ್ಸೆಂಟನ ಪಾಲಿಗೆ ಬಂತು. ಆ ಪುಟ್ಟ ವಿಮಾನಕ್ಕೆ ಮದರಾಸು ಒಂದೇ ಓಟದ ದೂರವಲ್ಲ. ನಡುವೆ ಇಳಿಯಲು ನೆಲ ಬೇಕು. ಆ ನೆಲವನ್ನು ಕೊಟ್ಟದ್ದು, ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿ. ವಿನ್ಸೆಂಟ್ ಅಲ್ಲಿ ತಂಗಿ ಮರುದಿನ ಮದರಾಸನ್ನು ಸೇರಿದನು.

ಈ ಭಾಗ್ಯವು ಬಹುಕಾಲ ಬಾಳಲಿಲ್ಲ. ಕೆಲವೇ ವರ್ಷಗಳಲ್ಲಿ ಟಪಾಲಿನ ಹಾದಿಯು ನಿಜಾಮನ ರಾಜಧಾನಿಯಾದ ಹೈದರಾಬಾದಿನ ಕಡೆಗೆ ತಿರುಗಿತು. ಬಳ್ಳಾರಿಯ ಬಯಲು ಮಾಡಿದ ತಪ್ಪೇನೂ ಇರಲಿಲ್ಲ. ದುಂಡಸಿಯ ಕಡೆಯ ಒಕ್ಕಲಿಗನಿಗೆ ಬೀಳುಬಿದ್ದ ಹೊಲದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ನೆಲದ ಕಸುವು ಕುಂದದಿದ್ದರೂ ಒಡೆಯನ ಲೆಕ್ಕ ಬದಲಾದರೆ ನೇಗಿಲು ಅತ್ತ ಸುಳಿಯುವುದಿಲ್ಲ.

ಬದಲಾದ ಲೆಕ್ಕವು ಒಡೆಯನನ್ನೂ ಬಿಡಲಿಲ್ಲ. 1942ರಲ್ಲಿ ವಿನ್ಸೆಂಟ್ ಏರಿದ್ದ ವಿಮಾನವು ಇಂಗ್ಲೆಂಡಿನ ಹಾದಿಯಲ್ಲಿ ಯುದ್ಧಕ್ಕೆ ಆಹುತಿಯಾಯಿತು. 1946ರಲ್ಲಿ ಏರ್ ಇಂಡಿಯಾ ಎಂಬ ಹೆಸರು ತಳೆದು ಬೆಳೆದ ಸಂಸ್ಥೆಯನ್ನು 1953ರಲ್ಲಿ ಸರಕಾರ ರಾಷ್ಟ್ರೀಕರಿಸಿತು. ಜೆ.ಆರ್.ಡಿ. ಅದನ್ನು ವಿರೋಧಿಸಿದರು, ಆದರೂ ಮುನಿದು ದೂರ ನಿಲ್ಲದೆ, ಅಧ್ಯಕ್ಷಪದವನ್ನು ಒಪ್ಪಿ, ಸಂಬಳವಿಲ್ಲದೆ ದುಡಿದರು. 1978ರಲ್ಲಿ ಆ ಪದವಿಯಿಂದಲೂ ಅವರನ್ನು ಇಳಿಸಲಾಯಿತು. ತಾನು ಕಟ್ಟಿದ ಮನೆಯಲ್ಲಿ ಅತಿಥಿಯಾಗಿ ದುಡಿದು, ಕಡೆಗೆ ಅಂಗಳವನ್ನೂ ದಾಟಬೇಕಾದ ನೋವು ಸಾಮಾನ್ಯವಾದುದಲ್ಲ.

1982ರಲ್ಲಿ, ಮೊದಲ ಹಾರಾಟದ ಐವತ್ತನೆಯ ವರ್ಷದಂದು, ಎಪ್ಪತ್ತೆಂಟರ ವೃದ್ಧರು ಹಳೆಯ ಮಾದರಿಯ ಲೆಪರ್ಡ್ ಮಾತ್ ವಿಮಾನವನ್ನೇರಿ ಕರಾಚಿಯಿಂದ ಜುಹುವಿಗೆ ಮತ್ತೆ ಹಾರಿಬಂದರು. 1992ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ಕಣ್ಮುಚ್ಚಿದರು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಮನೆತನದ ಸಂಸ್ಥೆಗೆ ಮರಳಿತು. ಅದನ್ನು ಕಾಣಲು ಅವರಿರಲಿಲ್ಲ.

ಕಳೆದುಕೊಂಡುದು ಕೆಲವೊಮ್ಮೆ ಹೀಗೆ ಹಿಂದಿರುಗುತ್ತದೆ, ಕಳೆದುಕೊಂಡವನಿಗಲ್ಲ. ಆದರೆ 1932ರ ಆ ಇರುಳು ಬಳ್ಳಾರಿಯ ನೆಲವು ಆಸರೆ ನೀಡದಿದ್ದರೆ ಮದರಾಸಿನ ಕಾಗದಗಳು ಮದರಾಸನ್ನು ಸೇರುತ್ತಿರಲಿಲ್ಲ. ದೊಡ್ಡವರ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳು ಅವರು ಏರಿದ ಎತ್ತರದೊಡನೆ ಅವರನ್ನು ಹೊತ್ತ ನೆಲವನ್ನೂ ನೆನೆಯುವುದು ಒಳಿತು.